ಓರೆ ಅಕ್ಷರದ ಉಸಾಬರಿ

ಅಚ್ಚುಮೊಳೆ ಜೋಡಿಸಿ ಹೊಟ್ಟೆ ಹೊರೆಯುವವನಿಗೆ ನಗೆಪಾಟಲಿನ ಬರವಿಲ್ಲ. ವಾರಕ್ಕೊಂದಾದರೂ ತಾನಾಗಿ ಬಾಗಿಲಿಗೆ ಬಂದು ನಿಲ್ಲುತ್ತದೆ.

ಕೊಡಗು ಬೇರೆ ರಾಜ್ಯವಾಗಿದ್ದ ಕಾಲಕ್ಕೆ ನಾನು ಮೈಸೂರಿನಿಂದ ಮಡಿಕೇರಿಯ ಒಂದು ಸಣ್ಣ ಪ್ರೆಸ್ಸಿಗೆ ಬಂದೆ. ಊರಿನಲ್ಲಿ ನನ್ನವರೆಂಬವರು ಯಾರೂ ಇರಲಿಲ್ಲ. ಏನಾದರೂ ನಗುವಂಥದ್ದು ನಡೆದರೆ ಬಾಡಿಗೆ ಕೋಣೆಗೆ ಹೋಗಿ ಗೋಡೆ ನೋಡಿಕೊಂಡು ಒಬ್ಬನೇ ನಗುತ್ತಿದ್ದೆ. ಅದು ಬಹಳ ಹೊತ್ತು ನಡೆಯುವ ಕೆಲಸವಲ್ಲ. ಯಾರಾದರೂ ಒಮ್ಮೆ ಮನೆಗೆ ಊಟಕ್ಕೆ ಕರೆದಾರೇ ಎಂದು ಆಸೆಪಟ್ಟುಕೊಂಡೇ ಎರಡು ವರ್ಷ ಕಳೆದೆ.

ಇಂಗ್ಲಿಷ್ ಕೆಲಸವೆಲ್ಲ ನನ್ನ ಪಾಲಿಗೆ. ನೆಟ್ಟಗಿನ ಅಕ್ಷರ ಒಂದು ಕೇಸಿನಲ್ಲಿ, ಅಂದರೆ ಮೊಳೆ ಇಡುವ ಖಾನೆಪೆಟ್ಟಿಗೆಯಲ್ಲಿ, ಇಟಾಲಿಕ್ ಎಂಬ ಓರೆ ಅಕ್ಷರ ಇನ್ನೊಂದರಲ್ಲಿ. ಮಾಲೀಕರು ಮೊದಲ ದಿನವೇ ಪಾಠ ಹೇಳಿದರು. ಬರೆದು ತಂದ ಪ್ರತಿಯಲ್ಲಿ ಯಾವುದರ ಅಡಿಗೆ ಗೆರೆ ಎಳೆದಿದ್ದಾರೋ ಅದು ಓರೆ ಅಕ್ಷರದಲ್ಲಿ ಬರಬೇಕು. ಒತ್ತಿ ಹೇಳುವ ಮಾತು, ಪುಸ್ತಕದ ಹೆಸರು, ಬೇರೆ ಭಾಷೆಯ ಪದ, ಇವಕ್ಕೆಲ್ಲ ಅದೇ. ಹೊರಗಿನಿಂದ ಬಂದ ಪದ ಸಾಲಿನಲ್ಲಿ ಸ್ವಲ್ಪ ವಾಲಿಕೊಂಡೇ ನಿಲ್ಲಬೇಕು ಎಂದರು. ಅದು ಮಾತ್ರ ನನಗೆ ಬೇಗ ಅರ್ಥವಾಯಿತು.

೧. ಕಲ್ಲು

ಕರಿಕೆಯಲ್ಲಿ ಅಂಗಡಿ ಇಟ್ಟಿದ್ದ ಒಬ್ಬರು ಇಂಗ್ಲಿಷಿನಲ್ಲಿ ಲೆಟರ್‌ಹೆಡ್ ಮಾಡಿಸಲು ಬಂದರು. ಚೆಂದ ಕಾಣಲೆಂದು ಅಂಗಡಿಯ ಹೆಸರನ್ನು ಓರೆ ಅಕ್ಷರದಲ್ಲಿ ಜೋಡಿಸಿ ಪ್ರೂಫ್ ಕೊಟ್ಟೆ. ಅವರು ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ, ಕೊನೆಗೆ ತಮ್ಮ ತಲೆಯನ್ನೇ ವಾಲಿಸಿ ನೋಡಿದರು. ಅಕ್ಷರ ಇರುವುದೇ ಹಾಗೆ ಎಂದು ನಾನೂ ಮಾಲೀಕರೂ ಎಷ್ಟು ಹೇಳಿದರೂ ಕೇಳಲಿಲ್ಲ. ಗುಡ್ಡದ ಮೇಲಿನ ಊರಿನಲ್ಲಿ ಅಚ್ಚಿನ ಮಿಷನ್ ಇಟ್ಟರೆ ಅಕ್ಷರ ಇಳಿಜಾರಿಗೆ ವಾಲದೆ ಇನ್ನೇನು ಮಾಡೀತು ಎಂದು, ತಾವೇ ಹೊರಗೆ ಹೋಗಿ ಒಂದು ಚಪ್ಪಟೆ ಕಲ್ಲು ತಂದು ಮಿಷನ್ನಿನ ಕಾಲಿನಡಿ ತುರುಕಿದರು.

ಅಕ್ಷರ ನೆಟ್ಟಗಾಗಲಿಲ್ಲ. ಆದರೆ ನಾನು ಬಂದಂದಿನಿಂದ ಗಡಗಡ ಎನ್ನುತ್ತಿದ್ದ ಮಿಷನ್ ಆವತ್ತಿನಿಂದ ಸುಮ್ಮನಾಯಿತು.

೨. ಗೆರೆ

ಬಿಳಿ ದೊರೆಯೊಬ್ಬರ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಕೂಲಿಯಾಳುಗಳ ಮನೆಸಾಲಾದ ಲೈನುಗಳಲ್ಲಿ ಅಂಟಿಸುವ ನೋಟಿಸನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದ್ದರು. ಕಾಫಿ ಹಣ್ಣು ಕೀಳುವ ಪಿಕ್ಕಿಂಗಿಗೆ ಎಲ್ಲರೂ ಹೊತ್ತಿಗೆ ಸರಿಯಾಗಿ ಬರಬೇಕು ಎಂಬಷ್ಟೇ ವಿಷಯ. ಮೊದಲಿಂದ ಕೊನೆಯವರೆಗೆ ಪ್ರತಿ ಸಾಲಿನ ಅಡಿಗೂ ಗೆರೆ ಇತ್ತು. ಇದೆಂಥ ಕೋಪವಪ್ಪಾ ಎಂದುಕೊಂಡು ಇಡೀ ನೋಟಿಸನ್ನು ಓರೆ ಅಕ್ಷರದಲ್ಲೇ ಜೋಡಿಸಿ ಅಚ್ಚು ಹಾಕಿ ಕಳಿಸಿದೆ. ಅಕ್ಷರ ಸೊಟ್ಟ ಹೋಗಬಾರದೆಂದು ರೈಟರು ಅಡಿಕೋಲು ಹಿಡಿದು ಎಳೆದ ಗೆರೆಗಳು ಅವು ಎಂದು ಆಮೇಲೆ ಗೊತ್ತಾಯಿತು.

ಜಗಳಕ್ಕೆ ಬಂದಾರೆಂದು ಕಾದೆ. ರೈಟರು ನಗುತ್ತ ಬಂದರು. ದೊರೆಯ ಕೈಬರಹ ಹೀಗೇ ವಾಲಿಕೊಂಡಿರುತ್ತದಂತೆ. ಓದು ಬಾರದವರಿಗೂ ಅದರ ಗುರುತಿತ್ತು. ದೊರೆಯೇ ಕೂತು ಕೈಯಾರೆ ಇಷ್ಟೂ ಬರೆದಿದ್ದಾರೆಂದು ಲೈನಿನವರೆಲ್ಲ ಹೊತ್ತಿಗೆ ಮೊದಲೇ ಬಂದು ನಿಂತಿದ್ದರಂತೆ. ತಡವಾಗಿ ಬಂದದ್ದು ದೊರೆಯೊಬ್ಬರೇ.

೩. ಚುಕ್ಕಿಸಾಲು

ಮದುವೆಯ ಕಾಲ ಬಂದರೆ ನನಗೆ ಸಂಕಟ. ಊರಿನ ಮದುವೆಗಳಿಗೆಲ್ಲ ಇಂಗ್ಲಿಷ್ ಆಹ್ವಾನದ ಕಾಗದ ಜೋಡಿಸುವವನು ನಾನು. ನನ್ನ ಕೈಗೆ ಒಂದು ಕಾಗದ ಕೊಟ್ಟವರಿಲ್ಲ.

ಮಾದಾಪುರದ ಕಡೆಯ ಬೆಳೆಗಾರರೊಬ್ಬರು ಮಗಳ ಮದುವೆಗೆ ಮುನ್ನೂರು ಇಂಗ್ಲಿಷ್ ಕಾರ್ಡು ಹೇಳಿದರು. ಯಾರನ್ನು ಕರೆಯುತ್ತಾರೋ ಅವರ ಹೆಸರನ್ನು ಕೈಯಲ್ಲಿ ಬರೆಯಲು ಚುಕ್ಕಿಸಾಲು ಬಿಡಬೇಕು. ಬರೆದ ಮೇಲೆ ಹೇಗೆ ಕಾಣುತ್ತದೆಂದು ತೋರಿಸಲು ಪ್ರೂಫಿನಲ್ಲಿ ಅಲ್ಲೊಂದು ಹೆಸರನ್ನು ಓರೆ ಅಕ್ಷರದಲ್ಲಿ ಕೂರಿಸುವುದು ನಮ್ಮಲ್ಲಿ ರೂಢಿ. ಆವತ್ತು ಏನನ್ನಿಸಿತೋ, ನನ್ನ ಹೆಸರನ್ನೇ ಕೂರಿಸಿದೆ. ತಾವು ದಯಮಾಡಿ ಬರಬೇಕು ಎಂದು ನನಗೇ ಬರೆದ ಹಾಗಿತ್ತು. ಎರಡು ಸಲ ಓದಿಕೊಂಡೆ. ಬೆಳೆಗಾರರು ನೋಡಿ ಸರಿ ಎಂದರು. ಹೆಸರು ತೆಗೆದು ಚುಕ್ಕಿ ಹಾಕಬೇಕಿದ್ದ ನಾನು ಮರೆತೆ. ಮುನ್ನೂರು ಕಾರ್ಡೂ ನನ್ನ ಹೆಸರಿಗೇ ಅಚ್ಚಾದವು.

ಮದುವೆ ಹತ್ತಿರ ಬಂದಿತ್ತು, ಬೇರೆ ಕಾರ್ಡು ಮೈಸೂರಿನಿಂದ ಬರಬೇಕು. ಬೆಳೆಗಾರರು ಒಂದು ನೋಡಿದರು, ಇನ್ನೊಂದು ನೋಡಿದರು, ಅಡಿಯಿಂದ ಎಳೆದು ಮತ್ತೊಂದು ನೋಡಿದರು. ಈ ಮಹಾಶಯ ಯಾರು ಎಂದು ಕೇಳಿದರು. ಮಾಲೀಕರು ನನ್ನತ್ತ ಕೈ ತೋರಿಸಿದರು. ಕೆಲಸ ಹೋಯಿತೆಂದೇ ನಾನು ತಲೆ ತಗ್ಗಿಸಿದೆ. ಯಾಕೆ ಹೀಗೆ ಮಾಡಿದೆ ಎಂದು ಬೆಳೆಗಾರರು ಕೇಳಿದರು. ಸುಳ್ಳು ಹೊಳೆಯಲಿಲ್ಲ. ನನ್ನನ್ನು ಯಾರೂ ಕರೆಯುವುದಿಲ್ಲ ಎಂದುಬಿಟ್ಟೆ.

ಅವರು ಕೈಯಲ್ಲಿದ್ದ ಕಾರ್ಡನ್ನು ಕಟ್ಟಿನ ಮೇಲೆ ಇಟ್ಟರು. ಆಮೇಲೆ, "ಮುನ್ನೂರು ಸಲ ಕರ್ದಿದೀನಲ್ಲ ಮಾರಾಯ. ಇನ್ನು ನೀನು ಬರದೇ ಇದ್ರೆ ನಂಗೆ ಮರ್ಯಾದೆ ಇರುತ್ತಾ?" ಎಂದರು.

ನನ್ನ ಹೆಸರಿನ ಮೇಲೆ ಮಸಿಯಲ್ಲಿ ಒಂದೇ ಗೆರೆ ಹೊಡೆದು, ಮೇಲೆ ನೆಂಟರ ಹೆಸರು ಬರೆದು ಕಾರ್ಡು ಹಂಚಿದರು. ಮದುವೆಮನೆಯಲ್ಲಿ ಬೆಳೆಗಾರರು ನನ್ನ ಹೆಸರು ಹಿಡಿದು ಕೂಗಿ ಬರಮಾಡಿಕೊಂಡದ್ದೇ, ಚಪ್ಪರದ ಬಾಗಿಲಿನಿಂದಲೇ ಶುರುವಾಯಿತು. ಆ ಹೆಸರಿನವನು ನೀನೇನಾ ಎಂದು ಕೇಳಿದವರೇ ಎಲ್ಲರೂ. ಎರಡು ವರ್ಷದಲ್ಲಿ ಯಾರೂ ಕರೆಯದ ನನ್ನ ಹೆಸರನ್ನು ಒಂದೇ ಬೆಳಗ್ಗೆ ಅಷ್ಟು ಜನ ಕರೆದರು. ಊಟಕ್ಕೆ ಎಲೆಯ ಮುಂದೆ ಕೂತೆ. ಪಕ್ಕದ ಎಲೆಯ ಅಜ್ಜಿ ನನ್ನನ್ನೇ ನೋಡುತ್ತಿದ್ದವರು ಕೇಳಿದರು:

"ನಮ್ಮನೆ ಕಾಗದದಲ್ಲೂ ನಿನ್ ಹೆಸ್ರೇ ಇತ್ತು ಕಣಪ್ಪ. ಈಗ ಹೇಳು, ನೀನು ನಮ್ ಜೊತೆ ಊಟಕ್ಕೆ ಬಂದಿದೀಯೋ, ಇಲ್ಲ ನಾವೆಲ್ಲ ನಿನ್ ಊಟಕ್ಕೆ ಬಂದಿದೀವೋ?"