ಎಡಗಣ್ಣಿಗೆ ಕಾಯಿನೀರು

‘ಟಿಕ್! ಚುಂಯ್ಯ್...’

ಕಾದ ತುಪ್ಪಕ್ಕೆ ನಾಲ್ಕೇ ನಾಲ್ಕು ಸಾಸಿವೆ ಬಿದ್ದಂಥ ಈ ಸದ್ದು ಪ್ರತಿ ಶನಿವಾರ ಸಂಜೆ ಚನ್ನರಾಯಪಟ್ಟಣದ ನಮ್ಮ ಗೇಟಿನ ಹತ್ತಿರ ಕೇಳಿಸುತ್ತಿತ್ತು. ನನ್ನ ತಮ್ಮನ ಕಾರಿನ ಕ್ಸೆನಾನ್ ಹೆಡ್‌ಲೈಟ್ ಹೊತ್ತಿಕೊಳ್ಳುವ ಸದ್ದು ಅದು. ಈ ಮಹಾಶಯ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡದ್ದು ಎರಡು ಹೆಡ್‌ಲೈಟುಗಳನ್ನು. ಕಾರು ಅವುಗಳ ಹಿಂದೆ ಅಂಟಿಕೊಂಡು ಬಂತು, ಅಷ್ಟೇ!

ಅರಕಲಗೂಡಿನಲ್ಲಿ ಶುಂಠಿ ಬೆಳೆಯುವವನಿಗೆ ಇದೆಂಥ ಹುಚ್ಚು ಹೇಳಿ? “ಇದು ಲೈಟಲ್ಲ ಕಣಕ್ಕಾ, ಬೆಳದಿಂಗಳು!” ಎನ್ನುತ್ತಿದ್ದ. ಯಾರಾದರೂ ಸುಮ್ಮನೆ ಹಾಕಿ ಆರಿಸಿದರೋ, ಮುಗಿಯಿತು. “ಹೊತ್ತಿಸಿದಾಗೆಲ್ಲ ಅದರ ಆಯಸ್ಸು ಸವೀತದೆ! ಆಟದ ಸಾಮಾನಾ ಅದು?”

ಅವನ ಹೆಂಡತಿ ನನ್ನ ಕಿವಿಯಲ್ಲಿ ಹೇಳಿದಳು: “ನನ್ನ ಆಯಸ್ಸಿನ ಬಗ್ಗೆ ಒಂದಿನಾನೂ ಇಷ್ಟು ಯೋಚ್ನೆ ಮಾಡ್ಲಿಲ್ಲ ಕಣತ್ತಿಗೆ, ನಿಮ್ಮ ತಮ್ಮ.”

ಇಂಥ ದೀಪದ ಎಡಗಣ್ಣು ಒಂದು ಶನಿವಾರ ಪಟಪಟ ಮಿಟುಕಿಸಿ ಮುಚ್ಚಿಕೊಂಡಿತು. ನಷ್ಟವಾದದ್ದು ಮಾತ್ರ ನನಗೆ! ಒಕ್ಕಣ್ಣಿನ ಕಾರಿನಲ್ಲಿ ಕತ್ತಲಾಗುವ ಮೊದಲೇ ಊರು ಸೇರಬೇಕೆಂದು ಅವನು ನಾಲ್ಕು ಗಂಟೆಗೇ ಎದ್ದುಬಿಡುತ್ತಿದ್ದ. ನಮ್ಮಿಬ್ಬರ ಚೌಕಾಬಾರ ಅರ್ಧಕ್ಕೇ ನಿಲ್ಲುತ್ತಿತ್ತು. ವಾರವೆಲ್ಲ ಆ ಒಂದು ಆಟಕ್ಕೆ, ಅದರ ಜೊತೆಗಿನ ಜಗಳಕ್ಕೆ ಕಾದು ಕೂತ ಅಕ್ಕ ನಾನು. ಹೌ ಅನ್‌ಫೇರ್!

‘ಡೋಂಟ್ ಜಂಪ್ ಟು ಕನ್‌ಕ್ಲೂಷನ್ಸ್’ ಎಂದು ಕಾನ್ವೆಂಟಿನ ಸಿಸ್ಟರ್ ನನಗೆ ಕಲಿಸಿದ್ದನ್ನು ನಾನು ಇವನಿಗೆ ಕಲಿಸಿದ್ದೇ ತಪ್ಪಾಯಿತು. ಹಾಸನದ ಅಂಗಡಿಯವನು “ಎರಡೂ ಹೊಸಾವೇ ಹಾಕ್ಸ್ಬುಡಿ ಸಾ” ಎಂದ ಕೂಡಲೇ ಎದ್ದು ಬಂದ. ನಮ್ಮ ಅಂಗಳದಲ್ಲಿ ಚಾಪೆ ಹಾಸಿ, ಎಡದ ಬಲ್ಬನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದ. ಗಾಜನ್ನು ಬರಿಗೈಲಿ ಮುಟ್ಟಬಾರದಂತೆ. ನನ್ನ ಲೇಸಿನ ಹ್ಯಾಂಡ್‌ಕರ್ಚೀಫ್ ಬಲಿಯಾಯಿತು. ಆದರೂ ಎಡವೇ ಕುರುಡು. ಸರಿ, ಬಲ್ಬು ನಿರಪರಾಧಿ! ಮುಂದಿನ ಶನಿವಾರ, ಬಲ್ಬಿಗೆ ಕರೆಂಟು ಏರಿಸಿ ಕೊಡುವ ಬ್ಯಾಲಸ್ಟ್ ಎಂಬ ಡಬ್ಬಿಗಳ ಅದಲುಬದಲು. ಮತ್ತೂ ಎಡವೇ ಕುರುಡು. ಡಬ್ಬಿಯೂ ನಿರಪರಾಧಿ! ಆ ಎರಡು ಶನಿವಾರ ನಾವು ಕವಡೆಯನ್ನೇ ಕೈಗೆತ್ತಿಕೊಳ್ಳಲಿಲ್ಲ.

ಮೂರನೆಯ ಶನಿವಾರ ನಾನೇ ಕಾರು ಹತ್ತಿ ಕೂತೆ. “ನಡಿಯೋ ಹೊಳೆನರಸೀಪುರಕ್ಕೆ! ಇವತ್ತು ಇದು ಸರಿಯಾಗ್ಬೇಕು, ಇಲ್ಲಾ ನಾನು ಇಳಿಯಲ್ಲ.”

ಅಲ್ಲಿನ ಆಟೋ ಎಲೆಕ್ಟ್ರಿಷಿಯನ್ ಎಡಗಡೆಯ ವೈರಿನ ಪ್ಲಗ್ ಕಿತ್ತ. ನೋಡಿದ. ಮೂಸಿದ. ಆಮೇಲೆ ನಮ್ಮಿಬ್ಬರನ್ನೂ ನೋಡಿದ.

“ಇರ್ವೆ ಸಂಸಾರ ಊಡ್ಬುಟ್ಟವೆ ಕಣ್ ಸಾ! ಪಿನ್ನೆಲ್ಲ ಪಾಚಿ ಕಟ್ದಂಗಾಗೈತೆ. ಏನ್ ಉಯ್ದಿದ್ರಿ ಇದ್ಕೆ?”

ತಮ್ಮ ಆಕಾಶದ ಕಡೆ ನೋಡಿದ. ನನಗೆ ತಟ್ಟನೆ ಹೊಳೆಯಿತು. ಪ್ರತಿ ಶನಿವಾರ ಹೊರಡುವಾಗ ನಾನು ಕೊಡುವ ತೆಂಗಿನಕಾಯಿಯನ್ನು ಇವನು ಕಾರಿಗೆ ನಿವಾಳಿಸಿ ಒಡೆದು, ಬಾನೆಟ್ ಎತ್ತಿ, ಒಂದು ಹೋಳಿನ ನೀರನ್ನು ಎಡದ ಹೆಡ್‌ಲೈಟಿನ ನೆತ್ತಿಗೆ ಸುರಿಯುತ್ತಿದ್ದ. ಕಣ್ಣಿಗೆ ತಂಪಂತೆ! ಎಲ್ಲವನ್ನೂ ಎಲೆಕ್ಟ್ರಿಷಿಯನ್‌ಗೆ ಹೇಳಿಯೇಬಿಟ್ಟೆ.

“ಮತ್ತೆ ಬಲಗಣ್ಗ್ಯಾಕೆ ಉಯ್ಲಿಲ್ಲ ಸಾ?”

“ಆ ಹೋಳಿನ ನೀರು ನಾನು ಕುಡೀತಿದ್ದೆ ಕಣಯ್ಯ.”

“ನೀವ್ ಕುಡ್ದಿದ್ಕೆ ಅದು ಬದಿಕ್ಕೊಂಡೈತೆ ಬುಡಿ!”

ಕಾಯಿ ಕೊಟ್ಟವಳು ಯಾರು? ನಾನೇ. ನನ್ನ ಚೌಕಾಬಾರವನ್ನು ನುಂಗಿದ್ದು ನನ್ನದೇ ತೆಂಗಿನಕಾಯಿ! ಮೈ ಗಾಡ್, ನಗಬೇಕೋ ಅಳಬೇಕೋ!

ಪ್ಲಗ್ ಬದಲಾಯಿತು. ಇರುವೆಗಳು ಮನೆ ಖಾಲಿ ಮಾಡಿದವು. ಅಂದಿನಿಂದ ಕಾಯಿಯ ಎರಡೂ ಹೋಳಿನ ನೀರು ಅವನೇ ಕುಡಿದ. ಮುಸ್ಸಂಜೆಯವರೆಗೂ ಕೂತು, ನಾನು ಕನ್ನಡಕ ಒರೆಸಿಕೊಳ್ಳುವಾಗ ಕವಡೆ ಮಗುಚಿ, ಮೋಸದಿಂದಲೇ ಗೆದ್ದ.

ಕಡೆಯ ಶನಿವಾರವೂ ಗೆದ್ದ. ಅದು ಕಡೆಯದೆಂದು, ಮುಂದಿನ ಶನಿವಾರಕ್ಕೆ ಅವನೇ ಇರುವುದಿಲ್ಲವೆಂದು ನನಗೆ ಯಾರು ಹೇಳಿದ್ದರು? ನಮ್ಮ ಗಲ್ಲಿಯಲ್ಲಿ ಕಾರು ತಿರುಗಿಸಲು ಜಾಗವಿಲ್ಲ. ಯಾವಾಗಲೂ ನನ್ನ ಕಡೆ ಮುಖಮಾಡಿಕೊಂಡೇ ಹಿಂದಕ್ಕೆ ಹೋಗುತ್ತಿದ್ದ. ಅವತ್ತು ಗಲ್ಲಿಯ ತುದಿಯಲ್ಲಿ ನಿಲ್ಲಿಸಿ ದೀಪ ಆರಿಸಿದ. ಹಾಕಿದ. ಆರಿಸಿದ. ಹಾಕಿದ. ಟಿಕ್! ಚುಂಯ್ಯ್... ಅವನು! ಬೇರೆ ಯಾರಿಗೂ ಸ್ವಿಚ್ ಮುಟ್ಟಲು ಬಿಡದವನು!

ನಾನು ಗೇಟು ಹಿಡಿದು ಕೂಗಿದೆ: “ಸುಮ್ಸುಮ್ನೆ ಆರಿಸಿ ಹಾಕ್ಬೇಡ್ವೋ, ಆಯಸ್ಸು ಸವೆಯುತ್ತೆ!”

ಕಿಟಕಿಯಿಂದ ಒಂದು ಕೈ ಹೊರಬಂದು ಬೀಸಿತು. ಎರಡು ಕಣ್ಣೂ ಸಮನಾಗಿ, ಬೆಳ್ಳಗೆ ಉರಿಯುತ್ತಿದ್ದವು. ಆ ಬೆಳಕಿನ ಹಿಂದೆ ಅವನ ಮುಖ ನನಗೆ ಕಾಣಿಸಲಿಲ್ಲ.