ದೃಷ್ಟಿಬೊಟ್ಟು ಇಟ್ಟ ಕ್ಯಾಮೆರಾ

ನನ್ನ ಮೊಮ್ಮಗಳು ಸುಮಾ ಇವತ್ತು ಹೊಸೂರು ಕಡೆಯ ಬೇರಿಕೆಯಲ್ಲಿ ಒಂದು ಮದುವೆಯ ಫೋಟೋ ಪೂರ್ತಿ ತೆಗೆದು ಮುಗಿಸಿದಳು. ಹೆಣ್ಣಿನ ಕಡೆಯವರು ಇನ್ನೊಂದು ಮದುವೆಗೂ ಅವಳನ್ನೇ ಗೊತ್ತು ಮಾಡಿದರು. ಇದನ್ನು ಮೊದಲು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದವನಿಗೆ ತಮಿಳಿನಲ್ಲಿ ಹೇಳಿದೆ. ಅವನು ತಲೆಯಾಡಿಸಿ ಕಿಟಕಿ ಕಡೆ ತಿರುಗಿಕೊಂಡ. ಹಿಂದಿನ ಸೀಟಿನವರಿಗೆ ತೆಲುಗಿನಲ್ಲಿ ಹೇಳಿದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಆದರೆ ಮೊಮ್ಮಗಳ ವಿಷಯವನ್ನು ಮೂರು ಭಾಷೆಯಲ್ಲಿ ಹೇಳಬಲ್ಲೆ.

ಬೆಳಿಗ್ಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ಸುಮಾಳ ಅಪ್ಪ, ಅಂದರೆ ನನ್ನ ಮಗ ಮುನಿರಾಜ, ಹೊಸೂರಿನ ಒಂದು ಕಂಪನಿಯಲ್ಲಿದ್ದಾನೆ. ಮಗಳಿಗೂ ಅಲ್ಲೇ ಕೆಲಸ ನೋಡಿಟ್ಟಿದ್ದ. "ಒಂದ್ ಮದ್ವೆ ತೆಗ್ದು ತೋರ್ಸು. ಕೆಟ್ರೆ ಸೋಮವಾರದಿಂದ ನನ್ಜೊತೆ ಕಂಪನಿ ಬಸ್ ಹತ್ಬೇಕು" ಎಂದಿದ್ದ. ಅಷ್ಟರಲ್ಲಿ ಅವಳ ಕ್ಯಾಮೆರಾ ಕೆಟ್ಟಿತು. ಗುರುತಿನ ಸ್ಟುಡಿಯೋದವರು ತಮ್ಮ ದೊಡ್ಡ ಕ್ಯಾಮೆರಾ ಕೊಟ್ಟರು, ಲೆನ್ಸ್ ಕೊಡಲಿಲ್ಲ. ಇವಳ ಲೆನ್ಸೇ ಅದಕ್ಕೆ ಟಕ್ಕೆಂದು ಕೂತಿತು. ಮುಗಿಯಿತಲ್ಲ ಎಂದುಕೊಂಡೆವು. ಅವಳು ತಲೆ ಬಾಚುತ್ತಿದ್ದಾಗ ನಾನು ಕಾಡಿಗೆ ಡಬ್ಬಿಗೆ ಬೆರಳು ಅದ್ದಿ ಕ್ಯಾಮೆರಾಕ್ಕೊಂದು ದೃಷ್ಟಿಬೊಟ್ಟು ಇಟ್ಟೆ. ಮಗುವಿಗಾದರೆ ಕೆನ್ನೆಗೆ ಇಡುತ್ತೇವೆ. ಕ್ಯಾಮೆರಾಕ್ಕೆ ಕೆನ್ನೆ ಯಾವುದೆಂದು ತಿಳಿಯದೆ ಗಾಜಿನ ಪಕ್ಕದಲ್ಲೇ ಇಟ್ಟೆ.

ಮದುವೆಗೆ ಅವಳ ಜೊತೆ ನಾನೂ ಹೋದೆ. ಚಪ್ಪರದಲ್ಲಿ ಸುಮಾ ಮೊದಲ ಫೋಟೋ ತೆಗೆದು ನೋಡಿದಳು. ನಾಲ್ಕು ಮೂಲೆಯೂ ಕಪ್ಪು. ನಡುವೆ ಮದುಮಗಳು ಬಾವಿಯೊಳಗಿಂದ ಮೇಲೆ ನೋಡುತ್ತಿರುವ ಹಾಗಿದ್ದಳು. ಹೆಣ್ಣಿನ ತಂದೆ ಬಂದು, "ಏನವ್ವ, ಮುಹೂರ್ತ ಹತ್ರ ಬಂತು, ರೆಡೀನಾ?" ಎಂದರು. "ಒಂದ್ನಿಮಿಷ ಮಾವ" ಎಂದಳು. ಆ ಕಪ್ಪು ಯಾರದೆಂದು ನನಗೊಬ್ಬನಿಗೇ ಗೊತ್ತು. ಹೆಗಲ ಮೇಲಿನ ಟವೆಲಿನಿಂದ ಕ್ಯಾಮೆರಾ ಒರೆಸಿದೆ, ಅದೇ ಟವೆಲಿನಿಂದ ಬೆವರೂ ಒರೆಸಿಕೊಂಡೆ. ಅವಳು ಮತ್ತೆ ತೆಗೆದಳು. ಕಪ್ಪು ಅಲ್ಲೇ ಕೂತಿತ್ತು.

"ಸುಮಾ, ಅದು ನನ್ ಕೆಲ್ಸ ಕಣವ್ವ. ದಿಷ್ಟಿ ಆಗ್ದಿರ್ಲಿ ಅಂತ ಬೊಟ್ಟಿಟ್ಬುಟ್ಟೆ" ಎಂದೆ.

ಅವಳಿಗೆ ಬೈಯಲೂ ಪುರುಸೊತ್ತಿರಲಿಲ್ಲ. ನನ್ನನ್ನು ರಾಗಿ ಮೂಟೆ ಇಟ್ಟಿದ್ದ ಕತ್ತಲೆ ಕೋಣೆಗೆ ಎಳೆದುಕೊಂಡು ಹೋಗಿ, "ನಿನ್ ಟಾರ್ಚ್ ತತ್ತಾ ತಾತ" ಎಂದಳು. ಆನೆ ಬರುವ ಕಡೆ ಹೊಲ ಇರುವವನು ನಾನು, ಮದುವೆಗೂ ಟಾರ್ಚ್ ಬಿಟ್ಟು ಹೋಗುವುದಿಲ್ಲ. ನನ್ನ ಟವೆಲನ್ನು ಗೋಡೆಯ ಮೊಳೆಗೆ ಅಗಲವಾಗಿ ಹರವಿ ಬೆಳಕು ಬಿಟ್ಟಳು. ನಡುವೆ ದುಂಡನೆ ಬೆಳಕು, ಟವೆಲಿನ ಮೂಲೆಗಳೆಲ್ಲ ಕತ್ತಲು.

"ಬೆಳಕು ನನ್ ಲೆನ್ಸು. ಟವೆಲ್ಲು ಕ್ಯಾಮೆರಾ ಒಳಗಿರೋ ಸೆನ್ಸರು, ಚಿತ್ರ ಬೀಳೋ ಜಾಗ. ನನ್ ಲೆನ್ಸು ಚಿಕ್ಕ ಸೆನ್ಸರಿಗೆ ಮಾಡಿರೋದು. ಈ ಕ್ಯಾಮೆರಾದಲ್ಲಿ ಸೆನ್ಸರು ದೊಡ್ದು, ಬೆಳಕು ಸಾಲ್ತಿಲ್ಲ. ನಿನ್ ಕಾಡಿಗೆದೇನೂ ತಪ್ಪಿಲ್ಲ."

"ದೊಡ್ ಲೆನ್ಸ್ ತಂದು ನಿನ್ ಚಿಕ್ಕ ಕ್ಯಾಮೆರಾಕ್ಕೆ ಹಾಕಿದ್ರೆ?"

"ಆಗ್ತದೆ. ಬೆಳಕು ಹೆಚ್ಚಾಗಿ ಆಚೆ ಚೆಲ್ಲೋಯ್ತದೆ, ಅಷ್ಟೆ. ಈಗ ದೊಡ್ ಲೆನ್ಸೂ ಇಲ್ಲ, ನನ್ ಚಿಕ್ಕ ಕ್ಯಾಮೆರಾನೂ ಕೆಟ್ಟದೆ."

ಹೊರಗೆ ಗಟ್ಟಿಮೇಳಕ್ಕೆ ಡೋಲಿನವನು ಡೋಲು ಸರಿಮಾಡಿಕೊಳ್ಳುತ್ತಿದ್ದ. ನನಗೆ ತೋಚಿದ್ದು ಒಂದೇ. "ಅಂಗಾದ್ರೆ ಟವೆಲ್ನೇ ಮಡಚ್ಬುಡವ್ವ."

ಸುಮಾ ಟಾರ್ಚನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ ಕ್ಯಾಮೆರಾದ ಗುಂಡಿಗಳನ್ನು ಒತ್ತುತ್ತಾ ಹೋದಳು. ಸೆನ್ಸರಿನ ನಡುವಿನ ಭಾಗವನ್ನಷ್ಟೇ ಬಳಸು ಎಂದು ಹೇಳುವ ಸೆಟ್ಟಿಂಗ್ ಒಂದಿತ್ತು. ಚಿತ್ರ ಸ್ವಲ್ಪ ಚಿಕ್ಕದಾಯಿತು, ಕಪ್ಪು ಹೋಯಿತು. ತಾಳಿ ಕಟ್ಟುವ ಹೊತ್ತಿಗೆ ಅವಳು ಮಣೆಯ ಮುಂದಿದ್ದಳು.

ಸಂಜೆ ಎಲ್ಲರೂ ಮುದ್ದೆ, ಅವರೆಕಾಳಿನ ಸಾರಿಗೆ ಸುತ್ತ ಕೂತೆವು. ಮುನಿರಾಜ ಉಣ್ಣುವುದು ಬಿಟ್ಟು ಒಂದೊಂದೇ ಫೋಟೋ ನೋಡಿದ. ನಾವ್ಯಾರೂ ತುತ್ತು ನುಂಗಲಿಲ್ಲ. ಕೊನೆಗೆ, "ಕಂಪನೀಲಿ ಹೇಳ್ಬುಡ್ತೀನಿ, ನನ್ ಮಗ್ಳು ಬರಲ್ಲ ಅಂತ" ಎಂದ. ನಾನು ಟವೆಲಿನ ಉಪಾಯ ಹೇಳಲು ಬಾಯಿ ತೆರೆದೆ.

"ಅಪ್ಪ, ಎಲ್ಲಾ ಫೋಟೋದಲ್ಲೂ ನಿನ್ ಮುಖಕ್ಕೇನಾಗದೆ?" ಎಂದ ಮುನಿರಾಜ.

ಬಗ್ಗಿ ನೋಡಿದೆ. ತಾಳಿ ಕಟ್ಟುವಾಗ, ಅಕ್ಕಿ ಕಾಳು ಹಾಕುವಾಗ, ವರನ ಕಡೆಯವರಿಗೆ ಕೈ ಮುಗಿಯುವಾಗ, ಎಲ್ಲದರಲ್ಲೂ ನನ್ನ ಹಣೆಯಿಂದ ಮೀಸೆಯವರೆಗೆ ಕಾಡಿಗೆ ಬಳಿದಿತ್ತು.

"ಬುಡಪ್ಪ, ಮದ್ವೆ ಮನೆಗೆಲ್ಲ ದಿಷ್ಟಿ ಬಿದ್ದಿರಾಕಿಲ್ಲ" ಎಂದು ನನ್ನ ಹೆಂಡತಿ ಸಾರು ಬಡಿಸಿದಳು. ಎಲ್ಲರೂ ನಗುತ್ತಾ ಉಣ್ಣತೊಡಗಿದರು. ನಾನೂ ತಲೆ ತಗ್ಗಿಸಿ ಮುದ್ದೆ ಮುರಿದೆ.