ಆಕೆ ಪ್ರತಿ ವರ್ಷ ಬರುತ್ತಾಳೆ

ರಾದ್ಧಾಂತಕ್ಕೆಲ್ಲ ಕಾರಣ ಎರಡೇ ಎರಡು ಅಕ್ಷರ.

ಗಂಟೆ ಮಾವನ ಕೆಲಸ ಶಾಲೆಯ ಗಂಟೆ ಹೊಡೆಯುವುದು, ಕಡತ ಹೊತ್ತು ನಾಲ್ಕು ಮಹಡಿ ಹತ್ತಿಳಿಯುವುದು. ಮೊಣಕಾಲುಗಳು ಅವನಿಗಿಂತ ಮೊದಲೇ ನಿವೃತ್ತಿಯಾಗಿದ್ದವು. ನೆಲಮಹಡಿಯ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನ ಜಾಗವೊಂದು ಖಾಲಿಯಾಗಿತ್ತು. ಅಲ್ಲಿ ಮೆಟ್ಟಿಲಿಲ್ಲ, ಕೂರಲು ಸ್ಟೂಲುಂಟು. ಅದಕ್ಕಾಗಿ ಇಂದು ಎರಡು ಗಂಟೆಗೆ ಹತ್ತನೇ ತರಗತಿ ಮಟ್ಟದ ರಸಾಯನಶಾಸ್ತ್ರದ ಪರೀಕ್ಷೆ. ಐವತ್ತು ತುಂಬಿದವರು ಬರೆಯುವಂತಿಲ್ಲ. ಅವನಿಗೆ ಮುಂದಿನ ತಿಂಗಳು ತುಂಬುತ್ತದೆ.

ಮಗಳು ಹತ್ತು ವರ್ಷದ ಹಳೇ ಪ್ರಶ್ನೆಪತ್ರಿಕೆ ಹೊಲಿದು ಕೊಟ್ಟಿದ್ದಳು. ಲಿಟ್ಮಸ್ ಕಾಗದ ಆಮ್ಲದಲ್ಲಿ ಕೆಂಪಾಗುವುದೋ ನೀಲಿಯಾಗುವುದೋ, ಅಪ್ಪನ ತಲೆಯಲ್ಲಿ ಜರಡಿಯಲ್ಲಿ ನೀರು ನಿಂತಷ್ಟೇ ನಿಲ್ಲುತ್ತಿತ್ತು.

"ಆಮ್ಲಕ್ಕೆ ಕೆಂಪು. ಆ, ಕೆ. ಸೇರಿಸಿದ್ರೆ 'ಆಕೆ'. ಅಷ್ಟೇ ಅಪ್ಪ," ಎಂದಿದ್ದಳು.

ಅಂದಿನಿಂದ ಪತ್ರಿಕೆಗಳ ಅಂಚಿನಲ್ಲೆಲ್ಲ ಆಕೆಯದೇ ಸಂಚಾರ. 'ಆಕೆ ಪ್ರತಿ ವರ್ಷ ಬರುತ್ತಾಳೆ.' 'ಆಕೆಯನ್ನು ಬಿಡಬಾರದು.' ಎರಡು ಅಂಕದ ಪ್ರಶ್ನೆಯಾದ್ದರಿಂದ, 'ಆಕೆಗೆ ಎರಡು.'

ಬೆಳಿಗ್ಗೆ ಅವನು ಗಂಟೆ ಹೊಡೆಯಲು ಹೋದಾಗ ಆ ಕಟ್ಟು ಗುಮಾಸ್ತರ ಕೈಗೆ ಸಿಕ್ಕಿತು.

"ಪ್ರತಿ ವರ್ಷ ಬರ್ತಾಳಂತೆ!" ಗುಮಾಸ್ತರು ಪಿಸುಗುಟ್ಟಿದರು.

"'ಆಕೆಗೆ ಎರಡು' ಅಂದ್ರೆ?" ಗ್ರಂಥಪಾಲಕಿ ಕನ್ನಡಕ ಏರಿಸಿದರು.

"ಇನ್ನೇನು, ಮಕ್ಕಳು."

ಗುಮಾಸ್ತರು ತಡಮಾಡದೆ ಫೋನೆತ್ತಿದರು. "ಅಕ್ಕಾ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ..."

ಹನ್ನೆರಡಕ್ಕೆ ಹೆಂಡತಿ ಶಾಲೆಯ ಅಂಗಳದಲ್ಲಿದ್ದಳು.

"ಯಾರ್ರೀ ಆಕೆ?"

"ಲಿಟ್ಮಸ್ ಕಣೇ!"

"ಅಯ್ಯೋ, ಹೆಸರು ಬೇರೆ ಹೇಳ್ತೀರಾ!"

ಕಿಟಕಿಗಳಲ್ಲಿ ತಲೆಗಳು ಮೂಡಿದವು. ಅವನು ಅವಳನ್ನು ಪ್ರಯೋಗಾಲಯಕ್ಕೆ ಕರೆದೊಯ್ದು, ಬಾಗಿಲು ಪೂರ್ತಿ ತೆರೆದೇ ಇಟ್ಟು, ನೀಲಿ ಕಾಗದದ ಮೇಲೆ ಒಂದು ಹನಿ ಆಮ್ಲ ಬಿಟ್ಟ. ಕೆಂಪಾಯಿತು. ಹೆಂಡತಿಯ ಮುಖದ ಕೆಂಪು ಮಾತ್ರ ಇಳಿಯಲಿಲ್ಲ.

"ಮತ್ತೆ 'ಎರಡು'?"

"ಅಂಕ ಕಣೇ, ಅಂಕ!"

ನಂಬಿಸಲು ಅವನು ಹತ್ತೂ ವರ್ಷದ ಪತ್ರಿಕೆ ಬಿಡಿಸಿದ. ಅವಳು ವಕೀಲರಂತೆ ಪಾಟೀಸವಾಲು ಹಾಕಿದಳು. ಕ್ಷಾರಕ್ಕೆ ಯಾಕೆ ನೀಲಿ? ಎರಡೂ ಬೆರೆಸಿದ್ರೆ? ಉಪ್ಪು, ನೀರು ಆಗುತ್ತಾ? ಅಷ್ಟು ಸುಡೋದು ಸೇರಿ ಉಪ್ಪಾಗೋದಾ? ಕೇಳಿದಂತೆ ಅವನಿಗೂ ಒಂದೊಂದೇ ತಿಳಿಯಾಗುತ್ತ ಬಂತು. ಇಪ್ಪತ್ತೈದು ವರ್ಷ ಈ ಕೊಠಡಿಯ ಬೀಗ ತೆಗೆದು ಹಾಕಿದವನು ಒಳಗೇನು ನಡೆಯುತ್ತದೆಂದು ಇಂದೇ ನೋಡುತ್ತಿದ್ದ. ಇಪ್ಪತ್ತೈದು ವರ್ಷ ಜೊತೆಗಿದ್ದವಳೂ ಅವನ ಬಾಯಲ್ಲಿ ಇಷ್ಟು ಮಾತು ಕೇಳಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಕೂಡ ಬಾಯಿ ಹಾಕಿದ. "ಅಣ್ಣಾ, ಆ ಮೂರನೇ ಪ್ರಶ್ನೆ ಇನ್ನೊಂದ್ಸಲ ಹೇಳಿ."

ಗಂಟೆ ಮಾವ ಉಬ್ಬಿಹೋಗಿ ಇನ್ನೊಮ್ಮೆ ಹೇಳಿದ.

ಎರಡಕ್ಕೆ ಪರೀಕ್ಷೆಯ ಕೋಣೆಗೆ ಹೋದರೆ, ಪಕ್ಕದ ಮೇಜಿನಲ್ಲಿ ಅದೇ ಕಾವಲುಗಾರ ಪೆನ್ಸಿಲ್ ಚೂಪು ಮಾಡುತ್ತಿದ್ದ.

"ನೀನೂ ಅರ್ಜಿ ಹಾಕಿದ್ಯೇನೋ?"

"ಹೂಂ ಅಣ್ಣ. ಏನೂ ಓದಿರ್ಲಿಲ್ಲ. ಹಾಜರಿ ಹಾಕಿ ಎದ್ದು ಹೋಗೋಣ ಅಂತಿದ್ದೆ."

ಐದಕ್ಕೆ ಫಲಿತಾಂಶ ಅಂಟಿಸಿದರು. ಗಂಟೆ ಮಾವನಿಗೆ ನಲವತ್ತೊಂದು, ಜೀವನದಲ್ಲೇ ಮೊದಲ ಸಲ ಪಾಸು. ಕಾವಲುಗಾರನಿಗೆ ನಲವತ್ತೆರಡು. ಜಾಗವಿದ್ದದ್ದು ಒಂದೇ.

ಮನೆಯ ದಾರಿಯಲ್ಲಿ ಹೆಂಡತಿ ಮೆಲ್ಲಗೆ ಕೇಳಿದಳು. "ನನಗೆ ಹೇಳಿಕೊಡೋವಾಗ ಆ ಬಾಗಿಲೊಂದು ಹಾಕ್ಕೊಳ್ಳೋಕೆ ಏನಾಗಿತ್ರೀ ನಿಮಗೆ?"

ಅವನು ನಿಂತು ಮೊಣಕಾಲು ನೀವಿಕೊಂಡ.

"ಹಾಕ್ಕೊಂಡಿದ್ರೆ, ಒಳಗೆ ಯಾರೋ ಇದ್ದಾಳೆ ಅಂತ ಗುಮಾಸ್ತರು ಮತ್ತೆ ನಿನಗೇ ಫೋನ್ ಮಾಡ್ತಿರ್ಲಿಲ್ವೇನೆ?"